ಬಿಗಿದು ಬಿಟ್ಟ ಏಳನೇ ಚಕ್ರ

ಚಕ್ರ ಅಲುಗಲಿಲ್ಲ.

ಇಲಿಮರಿ ಎರಡೂ ಕೈ ಕೊಟ್ಟು ಎಳೆದಳು. ಒಂದು ಕಾಲನ್ನು ಕಬ್ಬಿಣದ ಕಂಬಕ್ಕೆ ಒತ್ತಿ ನಿಂತು ಇನ್ನೊಮ್ಮೆ ಎಳೆದಳು. ಅಂಗೈಗೆ ಕೆಂಪು ಬಣ್ಣದ ಪುಡಿ ಅಂಟಿತು, ಅಷ್ಟೇ. ಏಳನೇ ನಂಬರಿನ ಚಕ್ರ ಗೋಡೆಯ ಹಾಗೆ ನಿಂತಿತ್ತು.

"ಮುಚ್ಚಿದೆ," ಎಂದಳು.

"ಮುಚ್ಚಿದೆ ಅಂತ ಬೋರ್ಡಿನ ಮೇಲೇ ಬರ್ದಿದಾರಲ್ಲೇ. ಅದನ್ನ ಓದೋಕೆ ಬಿಸಿಲಲ್ಲಿ ಇಷ್ಟು ದೂರ ಬಂದ್ವಾ?"

ಕೇಳಿದ್ದು ಬಾಗಿಲ ಬಳಿ ಕಾವಲು ನಿಂತಿದ್ದ, ಪಕ್ಕದ ಮನೆಯ ಚಿಕ್ಕಮ್ಮನ ಮಗಳು. ಇಲಿಮರಿಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಹದಿನೈದು. ಮನೆಯಲ್ಲಿ ಎಲ್ಲರೂ ಅವಳನ್ನು ರೇಡಿಯೊ ಎನ್ನುತ್ತಿದ್ದರು. ಆರಿಸುವ ಗುಂಡಿ ಎಲ್ಲಿದೆ ಎಂದು ಮಾತ್ರ ಇದುವರೆಗೂ ಯಾರಿಗೂ ಸಿಕ್ಕಿರಲಿಲ್ಲ.

ಇಲಿಮರಿಯ ಅಪ್ಪ ಈ ವಾಟರ್ ವರ್ಕ್ಸಿನ ಹಿರಿಯ ವಾಲ್ವ್‌ಮನ್. "ಏಳು ಮುಚ್ಚಿದೆಯಾ ನೋಡ್ಕೊಂಡು ಬರ್ತೀನಿ" ಎಂದು ಅಮ್ಮನಿಗೆ ಹೇಳಿ ಹೊರಟವನು ಇವತ್ತಿಗೆ ನಾಲ್ಕನೇ ದಿನ ಮನೆಗೆ ಬಂದಿಲ್ಲ. ಚೀಲ ಹಿಡಿದು ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಇಲ್ಲಿನ ಮೇಲ್ವಿಚಾರಕರು ಪೊಲೀಸರಿಗೆ ಬರೆದುಕೊಟ್ಟಿದ್ದರು. ಅಲ್ಲಿಗೆ ಪೊಲೀಸರು ಕೈ ತೊಳೆದುಕೊಂಡಿದ್ದರು.

ಅಮ್ಮ ಅತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಊಟದ ಹೊತ್ತಿಗೆ ನಾಲ್ಕು ತಟ್ಟೆ ಇಟ್ಟು, ಸ್ವಲ್ಪ ಹೊತ್ತು ನೋಡಿ, ಒಂದನ್ನು ಎತ್ತಿಡುತ್ತಿದ್ದಳು. ಉಳಿದ ಮೂರು ಅವಳದು, ಅಜ್ಜಿಯದು, ಇಲಿಮರಿಯದು.

ಇವತ್ತು ಮಧ್ಯಾಹ್ನ ವಾಟರ್ ವರ್ಕ್ಸಿನಿಂದ ಹೇಳಿಕಳಿಸಿದ್ದರು. ಅಪ್ಪನ ಪೆಟ್ಟಿಗೆಯಲ್ಲಿರುವ ಸಾಮಾನು ತೆಗೆದುಕೊಂಡು ಹೋಗಬೇಕಂತೆ. ಅಮ್ಮ ಪಾತ್ರೆಯಿಂದ ತಲೆ ಎತ್ತಲಿಲ್ಲ. ಇಲಿಮರಿ ಹೊರಟಳು. ಇವಳು ಹೊರಟಳೆಂದು ರೇಡಿಯೊ ಹೊರಟಳು.

ವಾಲ್ವ್ ಕೋಣೆ ಉದ್ದಕ್ಕಿತ್ತು. ನೆಲದಲ್ಲಿ ಸಾಲಾಗಿ ಒಂಬತ್ತು ಗುಂಡಿ, ಒಂದೊಂದು ಗುಂಡಿಯ ಮೇಲೂ ಒಂದು ಕಂಬ, ಕಂಬದ ತಲೆಗೆ ಬಂಡಿಗಾಲಿಯಷ್ಟು ದೊಡ್ಡ ಚಕ್ರ. ಗ್ರೀಸಿನ ವಾಸನೆ, ಅದರ ಮೇಲೆ ಕ್ಲೋರಿನ್ನಿನ ತೆಳು ವಾಸನೆ. ಎತ್ತರದ ಕಿಟಕಿಗಳಿಂದ ಬಿಸಿಲು ಬೀಳುತ್ತಿತ್ತು, ಆದರೂ ನೆಲ ತಣ್ಣಗಿತ್ತು. ಈ ಕೋಣೆಯ ನೆಲ ಯಾವಾಗಲೂ ತಣ್ಣಗೇ. ಅದರಡಿಯಲ್ಲಿ ಊರಿನ ನೀರೆಲ್ಲ ಹರಿಯುತ್ತದೆ.

ಗೋಡೆಯ ಮೇಲೆ ಕಪ್ಪು ಹಲಗೆ. ಒಂದರಿಂದ ಒಂಬತ್ತರವರೆಗೆ ನಂಬರು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಒಂದೊಂದೇ ಪದ. ಸಡಿಲ. ಸಡಿಲ. ಬಿಗಿ. ಸಡಿಲ. ಏಳನೆಯದರ ಮುಂದೆ, ಬಿಗಿ.

ಈ ಚಕ್ರಗಳು ಹಳೆಯ ಮಾದರಿಯವು. ವಾಲ್ವ್ ತೆರೆದಿದ್ದರೂ ಮುಚ್ಚಿದ್ದರೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಅದಕ್ಕೇ ಇಲ್ಲಿನ ಕೆಲಸಗಾರರಲ್ಲಿ ಒಂದು ಕಟ್ಟಳೆ. ಪೂರ್ತಿ ತೆರೆದ ಮೇಲೆ ಚಕ್ರವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಬೇಕು. ಆಗ ತೆರೆದ ಚಕ್ರ ಕೈಗೆ ಸ್ವಲ್ಪ ಆಡುತ್ತದೆ. ಮುಚ್ಚಿದ ಚಕ್ರ ಆಡುವುದಿಲ್ಲ. ಕೈ ಇಟ್ಟರೆ ಸಾಕು, ಕುರುಡನಿಗೂ ತಿಳಿಯುತ್ತದೆ. "ಸಡಿಲ ಅಂದ್ರೆ ನೀರು, ಬಿಗಿ ಅಂದ್ರೆ ಬರ," ಎನ್ನುತ್ತಿದ್ದ ಅಪ್ಪ. ಅ ಆ ಇ ಈ ಕಲಿಯುವ ಮೊದಲೇ ಇಲಿಮರಿ ಇದನ್ನು ಕಲಿತಿದ್ದಳು. ಪೈಪುಗಳ ನಡುವೆ ನುಸುಳಿ ಬೆಳೆದವಳೆಂದೇ ಅವಳಿಗೆ ಆ ಹೆಸರು.

ಅಪ್ಪ ಇಲ್ಲದ ಈ ನಾಲ್ಕು ದಿನ ಬೆಳಿಗ್ಗೆ ಚಕ್ರಗಳಿಗೆ ಕೈ ಇಟ್ಟು ನೋಡಿ ಹಲಗೆಯ ಮೇಲೆ ಬರೆಯುತ್ತಿದ್ದವನು ಎರಡನೇ ವಾಲ್ವ್‌ಮನ್. ಏನು ಕೇಳಿದರೂ ಹೂಂ ಎನ್ನುವುದರ ಆಚೆ ಅವನ ಬಾಯಿಂದ ಇನ್ನೊಂದು ಪದ ಬಂದದ್ದನ್ನು ಕೇಳಿದವರಿಲ್ಲ. ಹೂಂಕಾರ ಎಂದೇ ಎಲ್ಲರೂ ಕರೆಯುತ್ತಿದ್ದರು. ಅದಕ್ಕೂ ಅವನು ಹೂಂ ಎನ್ನುತ್ತಿದ್ದ.

"ಬಿಗಿ ಅಂದ್ರೆ ಮುಚ್ಚಿದೆ. ಹೂಂಕಾರ ಸರಿಯಾಗೇ ಬರೆದಿದಾನೆ," ಎಂದಳು ಇಲಿಮರಿ. ಇನ್ನೇನು ಕೇಳಬೇಕೆಂದು ಅವಳಿಗೇ ಹೊಳೆಯಲಿಲ್ಲ.

"ಎಲ್ಲ ಸರಿಯಾಗಿದ್ರೆ ನಮ್ಮ ನಲ್ಲಿಗೇನು ಬಂತು ರೋಗ?" ಎಂದಳು ರೇಡಿಯೊ. "ಬೆಳಿಗ್ಗೆ ಚೆನ್ನಾಗೇ ಬರ್ತಿತ್ತು. ಹನ್ನೊಂದು ಗಂಟೆಗೆ ಅಜ್ಜಿ ಕೊಡ ಇಟ್ಟು ಒಂದು ನಿದ್ದೆ ತೆಗೆದು ಎದ್ರೂ ಅರ್ಧ ಆಗಿರ್ಲಿಲ್ಲ. ನಲ್ಲಿಗೂ ನನ್ನ ಹಾಗೆ ವಯಸ್ಸಾಯ್ತು ಅಂತ ಅದಕ್ಕೇ ಬೈತಿದ್ರು."

ಇಲಿಮರಿ ತಿರುಗಿ ನೋಡಿದಳು.

"ನಮ್ಮನೇದು ಮಾತ್ರನಾ?"

"ಇಡೀ ಬೀದೀದು. ಹೊಲಿಗೆಯವರ ಮನೇಲೂ ದಾರದ ಹಾಗೆ ಬರ್ತಿದೆಯಂತೆ. ಹೊಲಿಗೆಯವರಿಗೆ ದಾರ ಬಂದ್ರೆ ಒಳ್ಳೇದಲ್ವಾ ಅಂದೆ. ಅವರಿಗೆ ನಗು ಬರ್ಲಿಲ್ಲ."

ಇಲಿಮರಿಗೂ ಬರಲಿಲ್ಲ. ಅವಳು ಒಂದನೇ ಚಕ್ರದಿಂದ ಒಂಬತ್ತನೆಯದರವರೆಗೆ ನಡೆದಳು. ಪ್ರತಿಯೊಂದಕ್ಕೂ ಕೈ ಇಟ್ಟಳು. ಸಡಿಲವಿರಬೇಕಾದ್ದು ಸಡಿಲವಿತ್ತು. ಬಿಗಿಯಿರಬೇಕಾದ್ದು ಬಿಗಿಯಿತ್ತು. ಎಲ್ಲವೂ ಹಲಗೆಯ ಪ್ರಕಾರವೇ. ಹಾಗಿದ್ದರೆ ಬೀದಿಗೆ ಬರಬೇಕಾದ ನೀರು ಹನ್ನೊಂದು ಗಂಟೆಯಿಂದ ಎಲ್ಲಿಗೆ ಹೋಗುತ್ತಿದೆ?

ಅವಳು ಅಪ್ಪನ ಪೆಟ್ಟಿಗೆಯಿಂದ ಸರಳನ್ನು ತೆಗೆದಳು.

ತೋಳುದ್ದದ ಉಕ್ಕಿನ ಸರಳು. ಒಂದು ತುದಿಗೆ ಮರದ ಬಿಲ್ಲೆ. ಉಕ್ಕಿನ ತುದಿಯನ್ನು ಕಂಬಕ್ಕೆ ಒತ್ತಿ, ಬಿಲ್ಲೆಯನ್ನು ಕಿವಿಗೆ ಹಚ್ಚಿದರೆ ನೆಲದಡಿಯ ನೀರು ಮಾತಾಡುತ್ತದೆ. ಇದು ಅಪ್ಪನ ಗುರುವಿನದು, ಹಿಂದಿನ ವಾಲ್ವ್‌ಮನ್‌ದು. ಇಪ್ಪತ್ತಾರು ವರ್ಷದ ಹಿಂದೆ ಆತ ಇದ್ದಕ್ಕಿದ್ದಂತೆ ಊರು ಬಿಟ್ಟಿದ್ದ. ಚೀಲ ಹಿಡಿದು ಬಸ್ಸು ಹತ್ತಿದನಂತೆ. ಸರಳು ಮಾತ್ರ ಇಲ್ಲೇ ಉಳಿದಿತ್ತು.

ಸಾಮಾನು ತೆಗೆಯಲು ಪೆಟ್ಟಿಗೆ ತೆರೆದಾಗ ಇದನ್ನು ಕಂಡೇ ಇಲಿಮರಿ ನೇರ ಏಳನೇ ಚಕ್ರದ ಬಳಿ ಹೋಗಿದ್ದಳು. ಅಪ್ಪ ಇದನ್ನು ಬಿಟ್ಟು ನೆಂಟರ ಮನೆಗೂ ಹೋದವನಲ್ಲ. ಅಮ್ಮ ಇದನ್ನು ಸವತಿ ಎನ್ನುತ್ತಿದ್ದಳು.

ಅವಳು ಏಳನೇ ಕಂಬದ ಬುಡದಲ್ಲಿ ಕೂತು ಸರಳು ಒತ್ತಿದಳು.

"ಸುಮ್ನಿರು," ಎಂದಳು.

"ನಾನೇನೂ ಮಾತಾಡ್ಲೇ ಇಲ್ಲ."

"ಉಸಿರೂ ಬಿಡ್ಬೇಡ."

ಮೊದಲು ತನ್ನದೇ ರಕ್ತದ ಸದ್ದು. ಆಮೇಲೆ, ಅದರ ಅಡಿಯಲ್ಲಿ, ಇನ್ನೊಂದು. ಸೋರುವ ವಾಲ್ವ್ ಸಿಳ್ಳೆ ಹಾಕುತ್ತದೆ. ಇದು ಸಿಳ್ಳೆಯಲ್ಲ. ಇದು ದಪ್ಪ ಗಂಟಲಿನ ಗೊಣಗು. ತುಂಬು ಪೈಪಿನಲ್ಲಿ, ತಡೆಯೇ ಇಲ್ಲದೆ, ಒಂದೇ ಸಮನೆ.

ಮುಚ್ಚಿದ ವಾಲ್ವಿನ ಕೆಳಗೆ ಏನೂ ಕೇಳಬಾರದು.

"ತೆರೆದಿದೆ," ಎಂದಳು ಇಲಿಮರಿ. ದನಿ ತನ್ನದೆಂದು ಅವಳಿಗೆ ಅನ್ನಿಸಲಿಲ್ಲ. "ಪೂರ್ತಿ ತೆರೆದು ಕೊನೆಗೆ ಬಿಗಿದು ಬಿಟ್ಟಿದಾರೆ. ಕಾಲು ಸುತ್ತು ಹಿಂದೆ ತಂದಿಲ್ಲ. ಕೈ ಇಟ್ಟೋರಿಗೆಲ್ಲ ಮುಚ್ಚಿದ ಹಾಗೇ ಅನ್ಸುತ್ತೆ."

"ಏಳರ ನೀರು ಎಲ್ಲಿಗೆ ಹೋಗುತ್ತೆ?"

"ಹಳೇ ಟ್ಯಾಂಕಿಗೆ. ರಿಪೇರಿಗೆ ಅಂತ ಹೋದ ತಿಂಗಳು ಖಾಲಿ ಮಾಡಿದ್ರಲ್ಲ, ಹಿಂದಿನ ಗುಡ್ಡದಲ್ಲಿ, ನೆಲದೊಳಗಿರೋದು."

"ಖಾಲಿ ಟ್ಯಾಂಕಿಗೆ ನೀರು ಬಿಟ್ಟು, ಬಿಟ್ಟಿಲ್ಲ ಅಂತ ತೋರಿಸ್ಕೊಳ್ಳೋದು ಯಾಕೆ?"

ರೇಡಿಯೊ ಜನ್ಮದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಇದೊಂದೇ ತೂಕದ್ದು. ಇಲಿಮರಿ ಉತ್ತರ ಹುಡುಕುವಷ್ಟರಲ್ಲಿ ರೇಡಿಯೊಳ ಹಿಂದೆ ಬಾಗಿಲು ತೆರೆಯಿತು.

"ಏನಮ್ಮಾ ಇಲಿಮರಿ, ಅಪ್ಪನ ಸಾಮಾನು ತಗೊಂಡು ಹೋಗು ಅಂದ್ರೆ ಕಬ್ಬಿಣಕ್ಕೆ ಕಿವಿ ಕೊಟ್ಕೊಂಡು ಕೂತಿದೀಯಲ್ಲ?"

ಮೇಲ್ವಿಚಾರಕರು. ಅಪ್ಪನ ಹಳೆಯ ಗೆಳೆಯ. ರಕ್ತಸಂಬಂಧವಿಲ್ಲದಿದ್ದರೂ ಇಲಿಮರಿಗೆ ಮಾತು ಬಂದಾಗಿನಿಂದ ಮಾವ. ಸೈಕಲ್ ಕಲಿಸಿದವರು. ಅವಳು ಬಿದ್ದಾಗ ಮೊದಲು ಸೈಕಲ್ಲಿಗೆ ಪೆಟ್ಟಾಯಿತೇ ನೋಡಿ ನಗಿಸಿದವರು. ಈಗ ಅವರು ಒಳಗೆ ಬಂದು, ಕಾಲೊರಸಿನ ಮೇಲೆ ಎರಡೂ ಬೂಟು ಒರೆಸಿಕೊಂಡರು. ಅದು ಅವರ ಅಭ್ಯಾಸ.

"ಮಾವ, ಏಳು ತೆರೆದಿದೆ."

"ಬಿಗಿಯಾಗಿಲ್ವಾ?"

"ಬಿಗಿಯಾಗಿದೆ."

"ಮತ್ತೆ? ಬಿಗಿ ಅಂದ್ರೆ ಮುಚ್ಚಿದೆ ಅಂತ. ವಾಲ್ವ್‌ಮನ್ ಮಗಳಿಗೆ ಇಷ್ಟೂ ಗೊತ್ತಿಲ್ಲ ಅಂದ್ರೆ ಹೇಗೆ?"

ಅವಳು ಸರಳು ಚಾಚಿದಳು. ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. ಅದನ್ನು, ಅವಳ ಕೈಯನ್ನು, ಮತ್ತೆ ಅದನ್ನು ನೋಡಿದರು. ಆಮೇಲೆ ಬಗ್ಗಿ, ಕಂಬಕ್ಕೆ ಒತ್ತಿ, ಕಿವಿ ಕೊಟ್ಟರು.

ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದರು. ಕನ್ನಡಕ ಮೂಗಿನ ಮೇಲೆ ಜಾರಿತು. ಅವರು ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಯಾವಾಗಿಂದ?"

"ಹನ್ನೊಂದು ಗಂಟೆಯಿಂದ ಇರ್ಬೇಕು. ಆಗಿಂದ ಬೀದಿ ನಲ್ಲೀಲಿ ನೀರಿಲ್ಲ."

ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಎರಡೂಕಾಲು.

"ಮಾವ, ಅಪ್ಪ ಬಸ್ಸು ಹತ್ತಿದ್ದನ್ನ ನೀವು ನೋಡಿದ್ರಾ?"

"ಬರೆದುಕೊಟ್ಟಿದೀನಲ್ಲಮ್ಮಾ."

"ಬರೆದಿದ್ದನ್ನ ಕೇಳ್ತಿಲ್ಲ. ನೋಡಿದ್ರಾ?"

"ಇದೆಲ್ಲ ಈಗ್ಯಾಕೆ..."

"ಚೀಲದಲ್ಲಿ ಏನಿತ್ತು ಮಾವ? ಅಪ್ಪನ ಅಂಗಿಗಳೆಲ್ಲ ಮನೇಲಿವೆ. ಕನ್ನಡಿ ಹಿಂದೆ ಕ್ಷೌರದ ಬ್ಲೇಡಿದೆ. ಈ ಸರಳು ಇಲ್ಲಿದೆ. ಊರು ಬಿಟ್ಟು ಹೋಗೋನು ಖಾಲಿ ಚೀಲ ಯಾಕೆ ಹಿಡ್ಕೊಂಡು ಹೋಗ್ತಾನೆ?"

"ದೊಡ್ಡೋರ ಹತ್ರ ಹೀಗೆ ಮಾತಾಡೋದು..."

"ನನ್ನ ಕಣ್ಣು ನೋಡಿ ಹೇಳಿ. ಹತ್ತಿದ್ನಾ?"

ರೇಡಿಯೊ ಇಲಿಮರಿಯ ಪಕ್ಕಕ್ಕೆ ಬಂದು ನಿಂತಳು.

ಮೇಲ್ವಿಚಾರಕರು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಸರಳನ್ನು ಪೆಟ್ಟಿಗೆಯ ಮೇಲೆ ಸದ್ದಾಗದ ಹಾಗೆ ಇಟ್ಟರು.

"ಇಲ್ಲ," ಎಂದರು. "ಅವನು ಬಸ್ಸು ಹತ್ತಲಿಲ್ಲ. ಹಳೇ ಟ್ಯಾಂಕಿನ ಒಳಗಿದಾನೆ."

ನೆಲ ತಣ್ಣಗಿತ್ತು. ಇಲಿಮರಿಗೆ ಅದೊಂದೇ ಗೊತ್ತಾಗುತ್ತಿತ್ತು. ಅಂಗಾಲಿನಿಂದ ಅದು ಮೇಲಕ್ಕೆ ಏರುತ್ತಿತ್ತು.

"ಬದುಕಿದಾನೆ. ಹೆದರ್ಬೇಡ. ಇವತ್ತು ಬೆಳಿಗ್ಗೆನೂ ನಾನೇ ಊಟದ ಡಬ್ಬಿ ಕೊಟ್ಟು ಬಂದಿದೀನಿ." ಅವರು ಬೇಗ ಬೇಗ ಹೇಳತೊಡಗಿದರು. "ಟ್ಯಾಂಕಿನ ತಳದ ಕೆಸರು ತೆಗೀತಿದ್ದಾಗ ಅವನಿಗೊಂದು ಜೊತೆ ಬೂಟು ಸಿಕ್ತು. ಹಿಮ್ಮಡಿಗೆ ಲಾಳ ಹೊಡೆಸಿದ ಬೂಟು. ಬೂಟಿನೊಳಗೆ ಮೂಳೆ. ಅಂಥ ಬೂಟು ಹಾಕ್ತಿದ್ದೋನು ಇಲ್ಲಿ ಒಬ್ಬನೇ."

"ಅಪ್ಪನ ಗುರು."

"ಹೂಂ. ಅವನು ಊರು ಬಿಟ್ಟಿರ್ಲಿಲ್ಲ. ಯಾರೋ ಕೊಂದು ಒಳಗೆ ಹಾಕಿದ್ರು. ಇಪ್ಪತ್ತಾರು ವರ್ಷ ಇಲ್ಲೇ ಇದ್ದ."

"ಮಾವ," ಎಂದಳು ರೇಡಿಯೊ ಮೆಲ್ಲಗೆ, "ಅಷ್ಟೂ ವರ್ಷ ನಾವು ಕುಡಿದಿದ್ದು ಆ ಟ್ಯಾಂಕಿನ ನೀರೇನಾ?"

ಅವಳು ಕುತ್ತಿಗೆಯನ್ನು ಕೈಯಿಂದ ಮುಚ್ಚಿಕೊಂಡಳು.

"ಆಗ ಇಲ್ಲಿ ಕೆಲಸಕ್ಕಿದ್ದಿದ್ದು ನಾಲ್ಕೇ ಜನ," ಎಂದರು ಮೇಲ್ವಿಚಾರಕರು. "ಆ ಗುರು, ಅವನ ಕೈಕೆಳಗೆ ನಿಮ್ಮಪ್ಪ, ಉಗ್ರಾಣದಲ್ಲಿ ಗುಮಾಸ್ತ ನಾನು, ಆಮೇಲೆ ಹೂಂಕಾರ. ಸತ್ತೋನನ್ನ ಬಿಡು. ನಿಮ್ಮಪ್ಪನನ್ನ ಬಿಡು. ಉಳಿದಿದ್ದು ಎಷ್ಟು ಜನ, ನೀನೇ ಲೆಕ್ಕ ಹಾಕು."

"ಇಬ್ಬರು," ಎಂದಳು ಇಲಿಮರಿ.

ಅವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ನಕ್ಕರು, ಬೇಸರದಿಂದ.

"ಸರಿ. ಇಬ್ಬರು. ನಿಮ್ಮಪ್ಪ ನಂಬಿದ್ದು ನನ್ನನ್ನ. ಬೂಟು ಸಿಕ್ಕಿದ ತಕ್ಷಣ ನನ್ನ ಹತ್ರಾನೇ ಬಂದ."

"ಪೊಲೀಸರ ಹತ್ರ ಹೋಗ್ಬಹುದಿತ್ತಲ್ಲ?" ಎಂದಳು ರೇಡಿಯೊ.

"ಹೋಗಿ ಬರೋಷ್ಟರಲ್ಲಿ ಯಾರಾದ್ರೂ ಏಳು ತೆರೆದ್ರೆ? ನೀರಿನ ಕೆಳಗೆ ಯಾವ ಸಾಕ್ಷಿ ಹುಡುಕ್ತಾರೆ? ದೊಡ್ಡ ಇಂಜಿನಿಯರು ಬರೋದು ನಾಳೆ. ಅವರು ಬಂದಾಗ ಎದುರಿಗೇ ತೋರಿಸೋಣ, ಅಲ್ಲಿವರೆಗೆ ನಾನೇ ಕಾಯ್ತೀನಿ ಅಂತ ಅವನೇ ಒಳಗೆ ಇಳಿದ. ಹೊರಗಿಂದ ಮುಚ್ಚಳಕ್ಕೆ ಬೀಗ ಹಾಕು ಅಂದ. ಊರು ಬಿಟ್ಟ ಅಂತ ಹೇಳು ಅಂದ. ನಿಮ್ಮಮ್ಮನ ಮುಖ ನೋಡಿ ಸುಳ್ಳು ಹೇಳೋವಾಗ ನನಗೆ ಏನಾಗ್ತಿತ್ತು ಗೊತ್ತಾ?"

ಅಮ್ಮ ಎತ್ತಿಡುತ್ತಿದ್ದ ನಾಲ್ಕನೇ ತಟ್ಟೆ ಇಲಿಮರಿಯ ಕಣ್ಣ ಮುಂದೆ ಬಂತು. ಅಪ್ಪ ಬದುಕಿದ್ದಾನೆ. ಆ ಮಾತಿನೊಳಗೆ ಹೋಗಿ ಕೂರಬೇಕೆನ್ನಿಸಿತು. ಕೂರಲು ಹೊತ್ತಿರಲಿಲ್ಲ.

"ಆ ಟ್ಯಾಂಕು ತುಂಬೋಕೆ ಆರು ಗಂಟೆ ಬೇಕು," ಎಂದಳು. "ಮೂರೂಕಾಲು ಗಂಟೆ ಆಗಿದೆ. ಅರ್ಧದ ಮೇಲೆ ಬಂದಿದೆ."

ಮೂವರೂ ಏಳನೇ ಚಕ್ರಕ್ಕೆ ಕೈ ಹಾಕಿದರು. ಮೇಲ್ವಿಚಾರಕರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ಎರಡು ಸಲ ಜಗ್ಗಿದಾಗ ಏನೂ ಆಗಲಿಲ್ಲ. ಮೂರನೇ ಸಲ ಕಬ್ಬಿಣ ಹಲ್ಲು ಕಡಿದ ಹಾಗೆ ಕಿರ್ರೆಂದು, ಚಕ್ರ ಬಿಟ್ಟುಕೊಂಡಿತು.

"ಯಾರೋ ಕೆಲಸ ಗೊತ್ತಿಲ್ದೋರು ತೆರೆದಿದಾರೆ ಮಾವ. ಕಾಲು ಸುತ್ತು ಬಿಡ್ಬೇಕು ಅಂತಾನೂ ಗೊತ್ತಿಲ್ಲ ಅವರಿಗೆ."

"ಗೊತ್ತಿಲ್ದೋರಲ್ಲ ಮಗಳೇ." ಅವರು ಏದುತ್ತಿದ್ದರು. "ಚೆನ್ನಾಗಿ ಗೊತ್ತಿರೋನೇ ಮಾಡಿದ್ದು. ಬಿಗಿ ಇದ್ರೆ ಯಾರೂ ಅನುಮಾನ ಪಡಲ್ಲ ಅಂತ ತಿಳಿದೋನು. ಕೈ ಇಟ್ಟು ನೋಡಿ, ಹಲಗೆ ಮೇಲೆ ಬಿಗಿ ಅಂತ ಬರೆಯೋದು ಯಾರು ಹೇಳು?"

ಹೂಂಕಾರ. ಇಲಿಮರಿ ಹೆಸರು ಹೇಳಲಿಲ್ಲ. ಬಾಯಲ್ಲಿ ಅದು ತುಕ್ಕಿನ ರುಚಿಯ ಹಾಗೆ ನಿಂತಿತು.

"ಪೂರ್ತಿ ಮುಚ್ಚೋಕೆ ನಲವತ್ತೆರಡು ಸುತ್ತು," ಎಂದರು ಮೇಲ್ವಿಚಾರಕರು. "ಇವಳು ತಿರುಗಿಸ್ತಾ ಇರಲಿ. ಈಗ ಸಡಿಲ ಆಗಿದೆ, ಒಬ್ಬಳಿಗೇ ಆಗುತ್ತೆ. ನೀನು ನನ್ನ ಜೊತೆ ಬಾ. ಮುಚ್ಚಳ ತೆಗೆಯೋಣ."

"ನಲವತ್ತೆರಡು ಎಣಿಸೋವರೆಗೆ ಮಾತಾಡ್ಬಾರ್ದಾ?" ರೇಡಿಯೊಳ ಕಣ್ಣಲ್ಲಿ ನೀರಿತ್ತು. ನಗಿಸಲು ಹೊರಟಿದ್ದಳು, ಆಗಲಿಲ್ಲ.

"ಎಣಿಸು ಕಣೇ. ತಪ್ಪಿದ್ರೂ ಪರವಾಗಿಲ್ಲ, ನಿಲ್ಲಿಸ್ಬೇಡ."

"ದೊಡ್ಡಪ್ಪನಿಗೆ ನಾನು ಬೇಗ ಬೇಗ ತಿರುಗಿಸ್ದೆ ಅಂತ ಹೇಳು."

ಹೊರಗೆ ಬಂದ ಮೇಲೆ ಮೇಲ್ವಿಚಾರಕರು ಬಾಗಿಲೆಳೆದು, ಚಿಲಕ ಹಾಕಿದರು. ಇಲಿಮರಿ ನಿಂತಳು.

"ಗಾಳಿಗೆ ಬಡ್ಕೊಳ್ಳುತ್ತೆ," ಎಂದರು ಅವರು. "ಅಷ್ಟೇ ಅಲ್ಲ, ಅವನು ಬಂದ್ರೆ? ಅವಳು ಒಳಗೆ ಒಬ್ಬಳೇ ಇದಾಳೆ. ನಡಿ, ನಡಿ."

ಸರಿಯೆನಿಸಿತು. ಗಾಳಿ ಇರಲಿಲ್ಲ ಎಂದು ಅವಳಿಗೆ ನಾಲ್ಕು ಹೆಜ್ಜೆಯಾದ ಮೇಲೆ ಹೊಳೆಯಿತು.

ಗುಡ್ಡದ ದಾರಿ ಮರಳಿನಲ್ಲಿ ನೀರು ಸೋಸುವ ತೊಟ್ಟಿಗಳ ಪಕ್ಕದಲ್ಲಿ ಹೋಗುತ್ತದೆ. ಅಗಲವಾದ ನಾಲ್ಕು ತೊಟ್ಟಿ. ಬಿಸಿಲಿಗೆ ನೀರು ಸೀಸದ ತಗಡಿನ ಹಾಗೆ ಹೊಳೆಯುತ್ತಿತ್ತು. ಆಚೆ ದಂಡೆಯಲ್ಲಿ, ಮರಳು ಎಳೆಯುವ ಉದ್ದ ಹಿಡಿಯ ಹಲುಬೆ ಹಿಡಿದು, ಹೂಂಕಾರ ನಿಂತಿದ್ದ. ಕೆಲಸ ಮಾಡುತ್ತಿರಲಿಲ್ಲ. ಇವರನ್ನು ನೋಡುತ್ತಿದ್ದ.

"ಅವನ ಕಡೆ ನೋಡ್ಬೇಡ," ಎಂದರು ಮೇಲ್ವಿಚಾರಕರು ತುಟಿ ಅಲುಗಿಸದೆ.

ಇಲಿಮರಿ ನೋಡಿದಳು. ಹೂಂಕಾರ ಹಲುಬೆ ಕೆಳಗೆ ಹಾಕಿದ. ಒಂದು ಕೈ ಎತ್ತಿದ.

"ಬೇಡ," ಎಂದ.

ನೀರಿನ ಮೇಲೆ ಹಾಯ್ದು ಬಂದ ಆ ಪದ ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಪಕ್ಕದಲ್ಲೇ ನಿಂತು ಹೇಳಿದಂತಿತ್ತು. ಹದಿನಾರು ವರ್ಷದಲ್ಲಿ ಅವನ ಬಾಯಿಂದ ಅವಳು ಕೇಳಿದ ಎರಡನೇ ಪದ.

"ಕೇಳಿದ್ಯಾ?" ಮೇಲ್ವಿಚಾರಕರು ಅವಳ ತೋಳು ಹಿಡಿದು ಓಡತೊಡಗಿದರು. "ಟ್ಯಾಂಕು ತೆಗೀಬೇಡಿ ಅಂತಾನೆ. ಇನ್ನೇನು ಬೇಕು ನಿನಗೆ?"

ಹೂಂಕಾರ ದಂಡೆಯ ಉದ್ದಕ್ಕೂ ನಡೆಯತೊಡಗಿದ್ದ. ಓಡುತ್ತಿರಲಿಲ್ಲ. ನಾಲ್ಕೂ ತೊಟ್ಟಿ ಸುತ್ತಿ ಬರಬೇಕು. ಐದು ನಿಮಿಷವಾದರೂ ಬೇಕು.

ಹಳೇ ಟ್ಯಾಂಕಿನ ಮೇಲೆ ಹುಲ್ಲು ಬೆಳೆದಿತ್ತು. ತಿಳಿಯದವರು ಅದನ್ನು ದಿಬ್ಬವೆಂದೇ ಅಂದುಕೊಳ್ಳಬೇಕು. ನಡುವೆ ಕಬ್ಬಿಣದ ಚೌಕ ಮುಚ್ಚಳ, ಹೊಸ ಬೀಗ. ಪಕ್ಕದಲ್ಲಿ ಒಂದು ಹಾರೆ ಬಿದ್ದಿತ್ತು. ಕೀಲಿ ಮೇಲ್ವಿಚಾರಕರ ಸೊಂಟದಲ್ಲೇ ಇತ್ತು. ಬೀಗ ಸಲೀಸಾಗಿ ಬಿಚ್ಚಿಕೊಂಡಿತು. ಅವರು ಹಾರೆಯ ಮೊನೆ ಸಂದಿಗೆ ಕೊಟ್ಟು ಮೀಟಿದರು. ಮುಚ್ಚಳ ಎದ್ದು, ಮಗುಚಿ, ಹುಲ್ಲಿನ ಮೇಲೆ ಧೊಪ್ಪೆಂದು ಬಿತ್ತು.

ಒಳಗಿನಿಂದ ತಣ್ಣನೆಯ ಉಸಿರು ಮುಖಕ್ಕೆ ಹೊಡೆಯಿತು.

ಇಲಿಮರಿ ಅಂಚಿನಲ್ಲಿ ಬೋರಲು ಮಲಗಿ ತಲೆ ಇಳಿಬಿಟ್ಟಳು. ಬಾವಿಯಂಥ ಇಕ್ಕಟ್ಟು ಗುಂಡಿ. ಗೋಡೆಗೆ ನೆಟ್ಟ ಕಬ್ಬಿಣದ ಮೆಟ್ಟಿಲು. ಐದಾರು ಮೆಟ್ಟಿಲಿನ ಆಚೆ ಕತ್ತಲು. ಕತ್ತಲಿನ ತಳದಲ್ಲಿ ನೀರು ಸುರಿಯುತ್ತಿತ್ತು.

"ಅಪ್ಪಾ!"

ಅಪ್ಪಾ, ಪ್ಪಾ, ಪ್ಪಾ ಎಂದಿತು ಟ್ಯಾಂಕು. ನೀರು ಸುರಿಯುತ್ತಲೇ ಇತ್ತು.

"ಅಪ್ಪಾ! ನಾನು!"

ಏನೂ ಇಲ್ಲ. ಆಮೇಲೆ, ಬಹಳ ಕೆಳಗೆ, ಯಾರೋ ಕೆಮ್ಮಿದರು.

"ಇಲಿಮರಿ?"

"ಅಪ್ಪಾ!" ಅವಳು ಅಳುತ್ತಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ. "ನೀರು ಎಲ್ಲಿವರೆಗೆ ಬಂದಿದೆ?"

"ನಡುವಿನ ಕಟ್ಟೆ ಮೇಲೆ ನಿಂತಿದೀನಿ. ಕಟ್ಟೆ ಮುಳುಗಿತು. ಸೊಂಟಕ್ಕೆ ಬಂದಿದೆ." ದನಿ ಒಡೆದಿತ್ತು. "ಕೂಗಿ ಕೂಗಿ ಗಂಟಲು ಹೋಯ್ತು. ಮುಚ್ಚಳ ಗುದ್ದಿ ಕೈಯೂ ಹೋಯ್ತು. ನೀನು ಹೇಗೆ ಬಂದೆ ಮರೀ?"

"ಏಳು ಬಿಗಿದಿತ್ತು ಅಪ್ಪಾ. ಆದ್ರೂ ನೀರು ಹರೀತಿತ್ತು. ಸರಳಲ್ಲಿ ಕೇಳಿಸ್ತು."

ಕೆಳಗೆ ಒಂದು ಸದ್ದು. ನಗುವೋ ಬಿಕ್ಕೋ, ಎರಡೂ ಇರಬಹುದು.

"ನನ್ನ ಮಗಳು," ಎಂದ ಅಪ್ಪ, ಯಾರಿಗೋ ಹೇಳುವವನ ಹಾಗೆ.

"ಹತ್ತಿ ಬಾ ಅಪ್ಪಾ. ಬೇಗ."

"ಬಂದೆ. ಕಾಲು ಮರಗಟ್ಟಿದೆ. ಬಂದೆ."

ನೀರು ಕಲಕಿದ ಸದ್ದು. ಕಬ್ಬಿಣದ ಮೇಲೆ ಒದ್ದೆ ಬೂಟಿನ ಸದ್ದು. ಒಂದು ಮೆಟ್ಟಿಲು. ನಿಧಾನವಾಗಿ ಇನ್ನೊಂದು. ಇಲಿಮರಿ ಒಂದೊಂದನ್ನೂ ಎಣಿಸಿದಳು. ಮೂರು. ನಾಲ್ಕು. ಕತ್ತಲಿನೊಳಗೆ ಏನೋ ಬೆಳ್ಳಗೆ ಕಂಡಿತು. ಮೇಲೆತ್ತಿದ ಮುಖ. ನಾಲ್ಕು ದಿನದ ಗಡ್ಡ. ಹೊರಗಿನ ಬೆಳಕಿಗೆ ಕಣ್ಣು ಮುಚ್ಚಿಕೊಂಡೇ ಹತ್ತುತ್ತಿದ್ದ. ಅವಳು ಕೈ ಇಳಿಬಿಟ್ಟಳು. ಇನ್ನೂ ಸಿಗುತ್ತಿರಲಿಲ್ಲ.

"ಮುಚ್ಚಳ ಹೇಗೆ ತೆಗೆದೆ?" ಎಂದ ಅಪ್ಪ, ಉಸಿರಿನ ನಡುವೆ. "ಅದು ನಿನ್ನ ಕೈಲಿ ಆಗೋದಲ್ಲ."

"ನಾನಲ್ಲ. ಮಾವ ತೆಗೆದ್ರು. ಇಲ್ಲೇ ಇದಾರೆ, ನನ್ನ ಹಿಂದೇನೇ."

ಬೂಟಿನ ಸದ್ದು ನಿಂತಿತು.

ಅವಳ ಮೇಲೆ ನೆರಳು ಬಿತ್ತು. ಮೇಲ್ವಿಚಾರಕರು ಹತ್ತಿರ ಬಂದು, ಅವಳ ಹೆಗಲ ಮೇಲಿನಿಂದ ಒಳಗೆ ಬಗ್ಗಿದರು. ಅವರ ಒಂದು ಕೈ ಅವಳ ಬೆನ್ನ ಮೇಲಿತ್ತು, ಮೃದುವಾಗಿ. ಇನ್ನೊಂದರಲ್ಲಿ ಹಾರೆ ಇನ್ನೂ ಇತ್ತು.

"ಬಾರೋ," ಎಂದರು ಒಳಕ್ಕೆ. "ಯಾಕೆ ನಿಂತೆ? ಕೈ ಕೊಡ್ತೀನಿ, ಬಾ."

ಅಪ್ಪ ಕಣ್ಣು ತೆರೆದಿದ್ದ. ಅವನು ನೋಡುತ್ತಿದ್ದದ್ದು ಇಲಿಮರಿಯನ್ನಲ್ಲ. ಅವಳ ಬೆನ್ನ ಮೇಲಿದ್ದ ಆ ಕೈಯನ್ನು. ಅಪ್ಪ ಒಳಗಿರುವುದು ಗೊತ್ತಿದ್ದದ್ದು ಆ ಕೈಯವರೊಬ್ಬರಿಗೇ.

"ಅಪ್ಪಾ?" ಎಂದಳು ಅವಳು.

ಆ ಕೈಯಿಂದ ಕಣ್ಣು ಕೀಳದೆ, ಅಪ್ಪ ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟ. ಆಮೇಲೆ ಇನ್ನೊಂದನ್ನು. ಬೆಳ್ಳಗೆ ಕಾಣುತ್ತಿದ್ದ ಮುಖ ಮಬ್ಬಾಯಿತು. ಒಂದೊಂದೇ ಮೆಟ್ಟಿಲು, ಅವನು ಮತ್ತೆ ನೀರಿಗೆ ಇಳಿಯುತ್ತಿದ್ದ.